ಆಡು ತಿಂದ ಪುಸ್ತಕ, ನಾವು ಕಿತ್ತುಕೊಂಡ ಪುಸ್ತಕ

ಜುಲೈ 5 ಬಂತೆಂದರೆ ತಲಪಾಡಿ ಗಡಿಯ ಆಚೆಗಿನ ಶಾಲೆಗಳಲ್ಲಿ ಒಂದು ಚಂದದ ಗೌಜಿ. ಒಬ್ಬ ಹುಡುಗ ಬೋಳುತಲೆಯ ವೇಷ ಹಾಕಿ, ಮೀಸೆ ಅಂಟಿಸಿ, ಮುಂಡು ಉಟ್ಟು ಈಸಿಚೇರಿನಲ್ಲಿ ಕಾಲು ಚಾಚಿ ಕೂರುತ್ತಾನೆ. ಒಬ್ಬಳು ಹುಡುಗಿ ತಲೆಗೆ ಬಟ್ಟೆ ಹಾಕಿ, ಕೈಯಲ್ಲಿ ಆಡಿನ ಹಗ್ಗ ಹಿಡಿದು ನಿಲ್ಲುತ್ತಾಳೆ. ಅವಳು ಪಾತುಮ್ಮ. ಆಚೆ ಮಜೀದ್ ಮತ್ತು ಸುಹರಾ. ಈಚೆ ಒಕ್ಕಣ್ಣ ಪೋಕ್ಕರ್, ಎಟ್ಟುಕಾಲಿ ಮಮ್ಮೂಞ್ಞು, ಆನವಾರಿ ರಾಮನ್ ನಾಯರ್, ಪೊನ್‌ಕುರಿಶು ತೋಮ. ಈಸಿಚೇರಿನಲ್ಲಿ ಕೂತವರು ವೈಕಂ ಮುಹಮ್ಮದ್ ಬಷೀರ್. 1994ರ ಜುಲೈ 5ರಂದು ಅವರು ಕೋಝಿಕ್ಕೋಡಿನ ಬೇಪೂರಿನಲ್ಲಿ ತೀರಿಕೊಂಡರು. ಒಬ್ಬ ಕಥೆಗಾರ ತೀರಿಹೋದ ದಿನವನ್ನು ಮಕ್ಕಳು ನಗುತ್ತಾ, ವೇಷ ಹಾಕುತ್ತಾ ನೆನೆಯುವುದು ಎಷ್ಟು ಕಡೆ ಉಂಟು ಹೇಳಿ?

ನಮ್ಮ ಬ್ಯಾರಿ ಮನೆಗಳಲ್ಲಿ ಬಷೀರರ ಹೆಸರು ಗೊತ್ತಿಲ್ಲವೆಂದಲ್ಲ. ಕಾಸರಗೋಡಿನ ಸಂಬಂಧಿಕರ ಮನೆಗೆ ಹೋದಾಗ ಕೇಳಿರುತ್ತೇವೆ. ಮಮ್ಮುಟ್ಟಿಯ ‘ಮದಿಲುಗಳ್’ ಸಿನೆಮಾ ನೋಡಿದವರೂ ಇದ್ದಾರೆ. ಆದರೆ ಪುಸ್ತಕ ಹಿಡಿದು ಓದಿದವರು ಕಡಿಮೆ. ಅದರಲ್ಲೂ ನಾವು ಮದ್ರಸದ ಉಸ್ತಾದರು ಕಥೆ, ಕಾದಂಬರಿ ಎಂದರೆ ಸ್ವಲ್ಪ ದೂರವೇ. ‘ಅದೆಲ್ಲ ಟೈಂಪಾಸ್, ಕಿತಾಬು ಓದುವ ಸಮಯ ಹಾಳು’ ಎಂದು ನಾವೇ ಎಷ್ಟು ಸಲ ಮಕ್ಕಳಿಗೆ ಹೇಳಿದ್ದೇವೋ ಲೆಕ್ಕವಿಲ್ಲ. ಆ ಮಾತನ್ನು ಇವತ್ತು ಹಿಂದೆ ತೆಗೆದುಕೊಳ್ಳಲಿಕ್ಕಾಗಿ ಈ ಬರಹ. ಅದಕ್ಕೆ ಒಂದು ಕಾರಣವೂ ಉಂಟು, ಕೊನೆಯಲ್ಲಿ ಹೇಳುತ್ತೇವೆ.

ಯಾರು ಈ ಬಷೀರ್?

ಕೋಟ್ಟಯಂ ಜಿಲ್ಲೆಯ ವೈಕಂ ಹತ್ತಿರದ ತಲಯೋಲಪ್ಪರಂಬಿನಲ್ಲಿ 1908ರಲ್ಲಿ ಹುಟ್ಟಿದವರು. ಉಪ್ಪ ಮರದ ವ್ಯಾಪಾರಿ. ವೈಕಂನ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, 1925ರಲ್ಲಿ, ಗಾಂಧೀಜಿ ವೈಕಂ ಸತ್ಯಾಗ್ರಹಕ್ಕೆ ಬಂದರು. ಹುಡುಗ ಬಷೀರ್ ಜನರ ನಡುವೆ ನುಗ್ಗಿ ಗಾಂಧೀಜಿಯನ್ನು ಮುಟ್ಟಿದ. ಮನೆಗೆ ಓಡಿ ಬಂದು ಉಮ್ಮನಿಗೆ ಆ ಸುದ್ದಿಯನ್ನು ಹೆಮ್ಮೆಯಿಂದ ಹೇಳಿದ. ಮುಂದೆ ಓದು ಬಿಟ್ಟು ಕೋಝಿಕ್ಕೋಡಿಗೆ ಹೋಗಿ 1930ರ ಉಪ್ಪಿನ ಸತ್ಯಾಗ್ರಹಕ್ಕೆ ಸೇರಿದರು. ಪೊಲೀಸರ ಪೆಟ್ಟು ತಿಂದು ಕಣ್ಣೂರು ಜೈಲು ಕಂಡರು.

ಆಮೇಲೆ ವರ್ಷಗಟ್ಟಲೆ ಅಲೆದಾಟ. ದೇಶವೆಲ್ಲ ಸುತ್ತಿ ಅರಬ್ ನಾಡಿನ ಕಡೆಗೂ ಹೋಗಿ ಬಂದರು. ಅಡುಗೆ ಮಾಡಿದರು, ಪೇಪರ್ ಮಾರಿದರು, ಹಣ್ಣು ಮಾರಿದರು, ಕಾವಲು ಕಾದರು, ಕೈ ನೋಡಿ ಭವಿಷ್ಯವನ್ನೂ ಹೇಳಿದರು. ಸನ್ಯಾಸಿಗಳ ಜೊತೆಗೂ ಸೂಫಿಗಳ ಜೊತೆಗೂ ಇದ್ದರು. ಊರಿಗೆ ಮರಳಿದ ಮೇಲೆ ತಿರುವಿದಾಂಕೂರು ಸರಕಾರದ ವಿರುದ್ಧ ಬರೆದದ್ದಕ್ಕೆ ಮತ್ತೆ ಜೈಲು. ಹೊರಗೆ ಬಂದ ಮೇಲೆ ಎರ್ನಾಕುಳಂನಲ್ಲಿ ಪುಸ್ತಕದಂಗಡಿ ಇಟ್ಟರು. ಇದರ ನಡುವೆ ಮನಸ್ಸಿನ ಕಾಯಿಲೆ ಬಂದು ಚಿಕಿತ್ಸೆ ಪಡೆದದ್ದನ್ನೂ ಅವರು ಮುಚ್ಚಿಡಲಿಲ್ಲ. 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಫೆಲೋಶಿಪ್, 1982ರಲ್ಲಿ ಪದ್ಮಶ್ರೀ ಬಂತು. ಬೇಪೂರಿನ ಮನೆಯ ಮ್ಯಾಂಗೋಸ್ಟೀನ್ ಮರದ ಕೆಳಗೆ ಗ್ರಾಮಾಫೋನಿನಲ್ಲಿ ಸೈಗಲ್ ಹಾಡು ಹಾಕಿ, ಬಂದವರಿಗೆಲ್ಲ ಚಹಾ ಕೊಡುತ್ತಾ ಕೂತಿರುತ್ತಿದ್ದ ಅವರನ್ನು ಜನ ‘ಬೇಪೂರ್ ಸುಲ್ತಾನ್’ ಎಂದು ಕರೆದರು.

ಬಷೀರ್ ತಮ್ಮ ಪುಸ್ತಕಗಳ ಮೇಲೆ ‘ಇದು ಮಕ್ಕಳಿಗೆ, ಇದು ದೊಡ್ಡವರಿಗೆ’ ಎಂದು ಚೀಟಿ ಅಂಟಿಸಿದವರಲ್ಲ. ಆದರೆ ಒಂದೇ ಮನೆಯ ಹತ್ತು ವರ್ಷದ ಮಗು, ಹದಿನೈದರ ಹುಡುಗಿ, ನಲವತ್ತರ ಉಪ್ಪ, ಮೂವರಿಗೂ ಅವರಲ್ಲಿ ಪಾಲು ಉಂಟು. ಅವರ ಪುಸ್ತಕಗಳನ್ನು ನಾವು ಹಾಗೆಯೇ ವಯಸ್ಸು ನೋಡಿ ಹಂಚಿಕೊಳ್ಳಬಹುದು.

ಸಣ್ಣ ಮಕ್ಕಳಿಗೆ: ಆಡು, ಮೂಗು, ಬಾವಲಿ

‘ಪಾತುಮ್ಮಾಯುಡೆ ಆಡ್’, ಅಂದರೆ ಪಾತುಮ್ಮನ ಆಡು, 1959ರಲ್ಲಿ ಪ್ರಕಟವಾಯಿತು. ಬಷೀರ್ ಅದನ್ನು ಬರೆದದ್ದು 1954ರಲ್ಲಿ, ತೃಶೂರಿನಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದಾಗ. ಅಂಥ ಸಂಕಟದಲ್ಲಿ ಕೂತು ಇಷ್ಟು ನಗಿಸುವ ಪುಸ್ತಕ ಬರೆದರಲ್ಲ ಎಂದು ಆಶ್ಚರ್ಯವಾಗುತ್ತದೆ. ಅದರಲ್ಲಿ ದೊಡ್ಡ ಕಥೆ ಏನೂ ಇಲ್ಲ. ಅಲೆದು ದಣಿದ ದೊಡ್ಡ ಮಗ ಸ್ವಲ್ಪ ನೆಮ್ಮದಿ ಬೇಕೆಂದು ಊರಿನ ಮನೆಗೆ ಬರುತ್ತಾನೆ. ಮನೆ ತುಂಬ ಜನ. ಉಮ್ಮ, ತಮ್ಮಂದಿರು, ಅವರ ಹೆಂಡಂದಿರು, ತಂಗಿಯರು, ಲೆಕ್ಕಕ್ಕೆ ಸಿಗದ ಮಕ್ಕಳು, ಕೋಳಿಗಳು, ಬೆಕ್ಕುಗಳು. ಎಲ್ಲರಿಗೂ ಅವನ ಕಿಸೆಯ ಮೇಲೆ ಕಣ್ಣು. ಒಬ್ಬ ತಮ್ಮ ಮಾತು ಮಾತಿಗೆ ‘ನಾನು ಪಟ್ಟಾಳಕ್ಕೆ ಹೋಗ್ತೇನೆ’ ಎಂದು ಹೆದರಿಸುತ್ತಾನೆ. ಇದರ ನಡುವೆ ತಂಗಿ ಪಾತುಮ್ಮನ ಆಡು ಬೆಳಗ್ಗೆಯೇ ಬಂದು ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಮರದಿಂದ ಬಿದ್ದ ಹಣ್ಣು, ಎಲೆ, ಹುಡುಗನ ಚಡ್ಡಿ. ಕೊನೆಗೆ ಲೇಖಕನ ಕೋಣೆಗೆ ನುಗ್ಗಿ ಅವನೇ ಬರೆದ ‘ಬಾಲ್ಯಕಾಲಸಖಿ’ ಮತ್ತು ‘ಶಬ್ದಂಙಳ್’ ಪುಸ್ತಕಗಳನ್ನೂ ಜಗಿದು ನುಂಗುತ್ತದೆ. ಅಲ್ಲಿಗೂ ನಿಲ್ಲದೆ ಕಂಬಳಿಗೆ ಬಾಯಿ ಹಾಕುತ್ತದೆ. ಆಗ ಲೇಖಕ ಆಡಿನ ಹತ್ತಿರ ಬೇಡಿಕೊಳ್ಳುತ್ತಾನೆ: ಪುಸ್ತಕವಾದರೆ ಬೇರೆ ಪ್ರತಿ ತರಿಸಿ ಕೊಡಬಹುದು, ಕಂಬಳಿ ಇರುವುದು ಒಂದೇ ಎಂದು.

ಮಕ್ಕಳು ಇಲ್ಲಿ ಬಿದ್ದು ಬಿದ್ದು ನಗುತ್ತಾರೆ. ದೊಡ್ಡವರು ಓದಿದರೆ ಇನ್ನೊಂದು ಕಾಣುತ್ತದೆ. ಬಡ ಪಾತುಮ್ಮ ಆ ಆಡಿನ ಹಾಲು ಮಾರಿ ಒಂದು ದಾರಿ ಮಾಡಿಕೊಳ್ಳಬೇಕೆಂದು ಕನಸು ಕಟ್ಟಿದ್ದಾಳೆ. ಆದರೆ ಗಂಡ ಮಾಡಿದ ಸಾಲಕ್ಕೆಂದು ತಮ್ಮನ ಮನೆಗೇ ಹಾಲು ಕೊಡಬೇಕಾಗುತ್ತದೆ. ಅದು ಸಾಲದೆಂದು ಮನೆಯ ಹೆಂಗಸರು ಕದ್ದೂ ಕರೆಯುತ್ತಾರೆ. ಈ ಪುಸ್ತಕಕ್ಕೆ ಬಷೀರ್ ಇಟ್ಟ ಇನ್ನೊಂದು ಹೆಸರು ‘ಹೆಂಗಸರ ಬುದ್ಧಿ’. ಕೂಡು ಕುಟುಂಬದಲ್ಲಿ ಬೆಳೆದ ಯಾವ ಬ್ಯಾರಿಗೂ ಈ ಮನೆ ಬೇರೆಯವರ ಮನೆ ಅನ್ನಿಸುವುದಿಲ್ಲ.

‘ವಿಶ್ವವಿಖ್ಯಾತಮಾಯ ಮೂಕ್ಕ್’ ಎಂಬ ಕಥೆಯಲ್ಲಿ ಅಕ್ಷರ ಬಾರದ ಒಬ್ಬ ಅಡುಗೆಯವನ ಮೂಗು ಬೆಳೆದು ಬೆಳೆದು ಹೊಕ್ಕುಳು ಮುಟ್ಟುತ್ತದೆ. ಮೊದಲು ಕೆಲಸ ಹೋಗುತ್ತದೆ, ಹಸಿವು ಬರುತ್ತದೆ. ಆಮೇಲೆ ನೋಡಲು ಜನ ಬರುತ್ತಾರೆ, ಹಣ ಬರುತ್ತದೆ. ರಾಜಕೀಯ ಪಕ್ಷಗಳು ‘ಮೂಗು ನಮ್ಮದು’ ಎಂದು ಜಗಳಕ್ಕೆ ನಿಲ್ಲುತ್ತವೆ. ಏನೂ ಗೊತ್ತಿಲ್ಲದವನ ಅಭಿಪ್ರಾಯ ಕೇಳಲು ಲೋಕವೇ ಸಾಲು ನಿಲ್ಲುತ್ತದೆ. 1950ರ ದಶಕದ ಕಥೆ, ಇವತ್ತು ಮೊಬೈಲ್ ಹಿಡಿದ ಮಗುವಿಗೆ ಓದಿ ಹೇಳಿದರೆ ಯಾರ ಬಗ್ಗೆ ಎಂದು ಅದೇ ಹೇಳೀತು.

1977ರಲ್ಲಿ ಬಂದ ‘ಭೂಮಿಯುಡೆ ಅವಕಾಶಿಗಳ್’, ಅಂದರೆ ಭೂಮಿಯ ಹಕ್ಕುದಾರರು, ನಮಗೆ ಬಹಳ ಇಷ್ಟವಾದದ್ದು. ತೆಂಗಿನ ತೋಟದ ಒಡೆಯನಾದ ಲೇಖಕನ ಜಾಗಕ್ಕೆ ಹಕ್ಕಿ, ಚಿಟ್ಟೆ, ಇಲಿ, ಹಾವು ಎಲ್ಲ ಬರುತ್ತವೆ. ಬಾವಲಿಗಳು ಎಳನೀರು ಕುಡಿದು ಹೋಗುತ್ತವೆ. ಮನೆಯಾಕೆಗೆ ಸಿಟ್ಟು, ಕೋವಿ ತರಿಸಬೇಕೆಂಬ ಮಾತು. ಲೇಖಕನ ವಾದ ಒಂದೇ: ಇವರೆಲ್ಲರನ್ನೂ ಅಲ್ಲಾಹನೇ ಸೃಷ್ಟಿಸಿದ್ದು, ನಮ್ಮ ಹಾಗೆ ಅವರಿಗೂ ಈ ಭೂಮಿಯಲ್ಲಿ ಪಾಲು ಉಂಟು. ನಾಯಿಗೆ ನೀರು ಕೊಟ್ಟವರಿಗೆ ಕ್ಷಮೆ ಸಿಕ್ಕಿದ ಹದೀಸನ್ನು ನಾವು ಮದ್ರಸದಲ್ಲಿ ಕಲಿಸುತ್ತೇವೆ. ಅದರ ಜೊತೆಗೆ ಈ ಕಥೆ ಹೇಳಿದರೆ ಮಕ್ಕಳು ಎರಡನ್ನೂ ಮರೆಯಲಿಕ್ಕಿಲ್ಲ.

ಹದಿಹರೆಯದವರಿಗೆ: ಉಪ್ಪುಪ್ಪನ ಆನೆ

1951ರ ಕಾದಂಬರಿಯ ಹೆಸರು ‘ನ್ಟುಪ್ಪುಪ್ಪಾಕ್ಕೊರಾನೇಂಡಾರ್ನ್ನು’. ನನ್ನ ಅಜ್ಜನಿಗೆ ಒಂದು ಆನೆ ಇತ್ತು ಎಂದು ಅರ್ಥ. ಕನ್ನಡ ಓದುಗರಿಗೆ ಇದು ಬಾಯಿಗೆ ಹಿಡಿಯದ ಹೆಸರು. ಆದರೆ ನಮ್ಮ ಮನೆಯ ಹಿರಿಯರ ಎದುರು ಒಮ್ಮೆ ನಿಧಾನವಾಗಿ ಓದಿ ನೋಡಿ, ಅರ್ಥ ಹೇಳುವ ಕೆಲಸವೇ ಬೇಡ.

ಕುಞ್ಞುಪಾತುಮ್ಮನ ಉಮ್ಮನಿಗೆ ತನ್ನ ತಂದೆಯ ಆನೆಯದ್ದೇ ಹೆಮ್ಮೆ. ಮರದ ಪಾದುಕೆ ಹಾಕಿ ಟಕ ಟಕ ನಡೆಯುವುದು, ದೊಡ್ಡ ಮನೆತನವೆಂದು ಮಗಳನ್ನು ಯಾರ ಜೊತೆಗೂ ಬೆರೆಯಲು ಬಿಡದಿರುವುದು. ಕೋರ್ಟು ವ್ಯಾಜ್ಯದಲ್ಲಿ ಆಸ್ತಿಯೆಲ್ಲ ಹೋಗಿ ಸಣ್ಣ ಮನೆಗೆ ಬಂದರೂ ಪಾದುಕೆ ಬಿಡುವುದಿಲ್ಲ, ಆನೆ ಬಿಡುವುದಿಲ್ಲ. ಪಕ್ಕದ ಮನೆಗೆ ಬಂದ ಓದಿದ ಮುಸ್ಲಿಂ ಕುಟುಂಬವನ್ನು ನೋಡಿ ಇವರು ಕಾಫಿರರೋ ಎಂದು ಸಂಶಯ. ಆ ಮನೆಯ ಆಯಿಷಾ ಕುಞ್ಞುಪಾತುಮ್ಮನಿಗೆ ಅಕ್ಷರ ಕಲಿಸುತ್ತಾಳೆ. ಅವಳ ಅಣ್ಣ ನಿಸಾರ್ ಅಹ್ಮದ್ ಜೊತೆ ಮದುವೆಯೂ ಆಗುತ್ತದೆ. ಕೊನೆಗೆ ಊರಿನ ಮಕ್ಕಳು ಉಮ್ಮನ ಮುಖಕ್ಕೇ ಹೇಳುತ್ತಾರೆ: ನಿಮ್ಮ ಆನೆ ‘ಕುಳಿಯಾನೆ’ ಎಂದು. ಮರಳಿನಲ್ಲಿ ಸಣ್ಣ ಗುಂಡಿ ಮಾಡಿ ಇರುವೆಗೆ ಕಾದು ಕೂರುವ ಹುಳಕ್ಕೆ ಮಲಯಾಳದಲ್ಲಿ ಹಾಗೆ ಹೆಸರು.

ನಮ್ಮಲ್ಲೂ ಆನೆಗಳು ಕಡಿಮೆಯೇನಿಲ್ಲ. ಹಳೆಯ ಗುತ್ತಿನ ಹಾಗಿದ್ದ ಮನೆ, ಹಿರಿಯರ ಹಡಗಿನ ವ್ಯಾಪಾರ, ಅಡಿಕೆ ಮಂಡಿ, ಗಲ್ಫಿನಲ್ಲಿ ಇದ್ದ ಅಂಗಡಿ. ಇವೆಲ್ಲ ಇತ್ತು, ನಿಜ. ಆದರೆ ಮದುವೆ ಮಾತುಕತೆಯಲ್ಲಿ ಹುಡುಗಿ ಎಷ್ಟು ಓದಿದ್ದಾಳೆ ಎನ್ನುವುದಕ್ಕಿಂತ ಮೊದಲು ಈ ಆನೆಯೇ ಹೊರಗೆ ಬರುವುದನ್ನು ನಾವು ನಿಕಾಹ್‌ಗೆ ಹೋಗಿ ಹೋಗಿ ನೋಡಿದವರು. ಬಷೀರ್ ನಮ್ಮನ್ನು ತಮಾಷೆ ಮಾಡುವುದಕ್ಕೆ ಬರೆದದ್ದಲ್ಲ. ತನ್ನ ಮನೆಯವರನ್ನು ತಿದ್ದುವ ಹಾಗೆ, ಒಳಗೆ ಕೂತು, ನಗುತ್ತಾ ಬರೆದರು. ಅವರು ಎಲ್ಲಿಯೂ ದೀನಿಗೆ ಕೈ ಹಾಕಿಲ್ಲ, ಅಜ್ಞಾನಕ್ಕೆ ಕೈ ಹಾಕಿದ್ದಾರೆ. ಅದರಲ್ಲಿ ವಅಳ್ ಹೇಳುವವರಿಗೂ ಒಂದೆರಡು ಏಟು ಉಂಟು. ನಮಗೂ ತಾಗಿತು. ತಾಗಲಿ.

‘ಒರು ಮನುಷ್ಯನ್’ ಎಂಬ ನಾಲ್ಕಾರು ಪುಟದ ಕಥೆಯನ್ನು ಪಿಯುಸಿ ಹುಡುಗರು ಓದಬೇಕು. ಪರ ಊರಿನ ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದು ನೋಡಿದರೆ ಕಿಸೆಯಲ್ಲಿ ಪರ್ಸ್ ಇಲ್ಲ. ಹೋಟೆಲಿನವನು ಜನರ ಎದುರು ಒಂದೊಂದೇ ಬಟ್ಟೆ ಬಿಚ್ಚಿಸುತ್ತಾನೆ. ಆಗ ಒಬ್ಬ ಅಪರಿಚಿತ ಎದ್ದು ಹಣ ಕೊಟ್ಟು ಬಿಡಿಸುತ್ತಾನೆ. ದೂರ ಕರೆದುಕೊಂಡು ಹೋಗಿ ಕಿಸೆಯಿಂದ ನಾಲ್ಕಾರು ಪರ್ಸ್ ತೆಗೆದು ನಿನ್ನದು ಯಾವುದು ಎಂದು ಕೇಳುತ್ತಾನೆ. ಕದ್ದವನೇ ಅವನು! ಈ ಕಥೆ ಓದಿದ ಹುಡುಗ ಇನ್ನೊಂದು ಜಾತಿ, ಇನ್ನೊಂದು ಊರಿನವರ ಬಗ್ಗೆ ‘ಅವರೆಲ್ಲ ಹಾಗೆಯೇ’ ಎಂದು ಹೇಳುವ ಮೊದಲು ಸ್ವಲ್ಪ ತಡೆಯುತ್ತಾನೆ.

ದೊಡ್ಡವರಿಗೆ: ಹಸಿವು ಮತ್ತು ಗೋಡೆ

ದೊಡ್ಡವರಿಗೆಂದು ಬೇರೆ ಇಡಬೇಕಾದವೂ ಉಂಟು. 1947ರ ‘ಶಬ್ದಂಙಳ್’ ಯುದ್ಧದಿಂದ ಮರಳಿದ ಒಬ್ಬ ಅನಾಥ ಸೈನಿಕನ ಕಥೆ. ಅದರಲ್ಲಿ ಬೀದಿಯ ಬದುಕು, ರೋಗ, ಮೈ ಮಾರುವವರು, ಎಲ್ಲ ಮುಚ್ಚುಮರೆ ಇಲ್ಲದೆ ಬಂದಿದೆ. ಬಂದ ಕಾಲದಲ್ಲಿ ಅಶ್ಲೀಲವೆಂದು ದೊಡ್ಡ ಗಲಾಟೆಯೇ ಆಯಿತು. ಮಕ್ಕಳ ಕೈಗೆ ಕೊಡುವಂಥದ್ದಲ್ಲ, ನಾವೂ ಕೊಡುವುದಿಲ್ಲ. ಬಷೀರ್ ಬರೆದದ್ದನ್ನೆಲ್ಲ ಒಪ್ಪಬೇಕೆಂದೂ ಇಲ್ಲ. ಆದರೆ ‘ಜನ್ಮದಿನಂ’ ಎಂಬ ಕಥೆಯನ್ನು ಓದದ ದೊಡ್ಡವರು ಇರಬಾರದು. ಒಬ್ಬ ಲೇಖಕನ ಹುಟ್ಟಿದ ದಿನ, ಬೆಳಗ್ಗಿನಿಂದ ರಾತ್ರಿವರೆಗೆ ಹೊಟ್ಟೆಗೆ ಏನೂ ಇಲ್ಲ. ಮರ್ಯಾದೆಗೆ ಅಂಜಿ ಯಾರನ್ನೂ ಕೇಳುವುದಿಲ್ಲ. ಕೊನೆಗೆ ಕದ್ದು ತಿನ್ನುತ್ತಾನೆ. ಉಪವಾಸ ಎಂದರೇನೆಂದು ರಂಝಾನಿನಲ್ಲಿ ನಾವು ಎಷ್ಟೋ ಪ್ರವಚನ ಮಾಡಿದ್ದೇವೆ. ಮಗ್ರಿಬ್‌ಗೆ ಬಾಂಗ್ ಆಗುತ್ತದೆಂದು ಗೊತ್ತಿರುವ ಹಸಿವು ಬೇರೆ, ಯಾವಾಗ ಮುಗಿಯುತ್ತದೆಂದು ಗೊತ್ತಿಲ್ಲದ ಹಸಿವು ಬೇರೆ.

‘ಮದಿಲುಗಳ್’ ಜೈಲಿನ ಕಥೆ. ಗಂಡಸರ ಜೈಲು ಮತ್ತು ಹೆಂಗಸರ ಜೈಲಿನ ನಡುವೆ ಎತ್ತರದ ಗೋಡೆ. ಆಚೆಯಿಂದ ನಾರಾಯಣಿ ಎಂಬವಳ ಸ್ವರ. ಮುಖ ಕಾಣುವುದಿಲ್ಲ. ಅವಳು ಒಣ ಕಡ್ಡಿಯನ್ನು ಮೇಲಕ್ಕೆ ಎಸೆದರೆ ‘ನಾನು ಇಲ್ಲಿದ್ದೇನೆ’ ಎಂದು ಗುರುತು. ಜೈಲಿನ ಆಸ್ಪತ್ರೆಯಲ್ಲಿ ಒಮ್ಮೆ ಮುಖ ನೋಡುವುದೆಂದು ದಿನ ನಿಶ್ಚಯವಾಗುತ್ತದೆ. ಅಷ್ಟರಲ್ಲಿ ಬಿಡುಗಡೆಯ ಆದೇಶ ಬರುತ್ತದೆ. ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದ ಮನುಷ್ಯನಿಗೆ ಆ ಕ್ಷಣದಲ್ಲಿ ಸ್ವಾತಂತ್ರ್ಯವೇ ಬೇಡವಾಗುತ್ತದೆ. 1990ರಲ್ಲಿ ಅಡೂರು ಗೋಪಾಲಕೃಷ್ಣನ್ ಇದನ್ನೇ ಸಿನೆಮಾ ಮಾಡಿದ್ದು.

ಮನೆ ಮಾತಿನ ಮರ್ಯಾದೆ

ಬಷೀರ್ ಬರೆದ ಭಾಷೆಯ ಬಗ್ಗೆ ಒಂದು ಮಾತು. ಮನೆಯಲ್ಲಿ ಉಮ್ಮ ಹೇಗೆ ಮಾತಾಡುತ್ತಾಳೋ ಹಾಗೆಯೇ ಅವರು ಬರೆದರು. ‘ಪಾತುಮ್ಮನ ಆಡು’ವಿನಲ್ಲಿ ವ್ಯಾಕರಣ ಓದಿದ ತಮ್ಮ, ‘ಇದರಲ್ಲಿ ಆಖ್ಯಾತ ಎಲ್ಲಿ’ ಎಂದು ತಪ್ಪು ಹಿಡಿಯಲು ಬರುತ್ತಾನೆ. ಅಣ್ಣನಿಗೆ ಸಿಟ್ಟು ಬರುತ್ತದೆ, ನಾನು ನಮ್ಮ ಮನೆ ಮಾತಿನಲ್ಲಿ ಬರೆಯುವವನು ಎಂದು ಅವನನ್ನು ಓಡಿಸುತ್ತಾನೆ. ಅಂಥ ಭಾಷೆಯ ಕಾದಂಬರಿಗಳನ್ನು ಎಡಿನ್‌ಬರಾದ ಪ್ರೊಫೆಸರ್ ಆರ್.ಇ. ಆಶರ್ ಇಂಗ್ಲಿಷಿಗೆ ತಂದರು, 1980ರಲ್ಲಿ ಅಲ್ಲಿನ ವಿಶ್ವವಿದ್ಯಾಲಯವೇ ಅಚ್ಚು ಹಾಕಿತು.

ನಾವು ಸಣ್ಣವರಿದ್ದಾಗ ಶಾಲೆಯಲ್ಲಿ ಬ್ಯಾರಿ ಬಾಸೆ ಮಾತಾಡಿದರೆ ಉಳಿದವರು ನಗುತ್ತಿದ್ದರು. ನಾವೂ ನಾಚಿಕೆಯಿಂದ ಸುಮ್ಮನಾಗುತ್ತಿದ್ದೆವು. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದ ಮೇಲೆ ಆ ನಾಚಿಕೆ ಎಷ್ಟೋ ಕಡಿಮೆಯಾಗಿದೆ. ಆದರೂ ಇವತ್ತಿಗೂ ಮಕ್ಕಳ ಎದುರು ಬ್ಯಾರಿ ಬಿಟ್ಟು ಅರ್ಧಂಬರ್ಧ ಇಂಗ್ಲಿಷ್ ಮಾತಾಡುವ ಮನೆಗಳು ಉಂಟಲ್ಲ, ಅವರು ಬಷೀರರನ್ನು ಓದಬೇಕು. ಅರಬಿ-ಮಲಯಾಳದ ಕಿತಾಬು ಓದಿ ಬೆಳೆದ ನಮ್ಮಂಥ ಉಸ್ತಾದರಿಗೆ ಮಲಯಾಳ ಲಿಪಿ ಸ್ವಲ್ಪ ಕಷ್ಟವಾದರೂ ಯಾರಾದರೂ ಓದಿ ಹೇಳಿದರೆ ಪೂರ್ತಿ ಅರ್ಥವಾಗುತ್ತದೆ. ಕನ್ನಡದಲ್ಲಿಯೂ ಅನುವಾದಗಳಿವೆ.

ಕಪಾಟಿನಲ್ಲಿ ಉಳಿದ ಪುಸ್ತಕ

ಈಗ ಮೊದಲು ಹೇಳಿದ ಕಾರಣಕ್ಕೆ ಬರುತ್ತೇವೆ. ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಮದ್ರಸದಲ್ಲಿ ಒಬ್ಬಳು ಹುಡುಗಿ, ಶಾಲೆಯಲ್ಲಿ ಎಂಟನೇ ಕ್ಲಾಸು, ಕಿತಾಬಿನ ಅಡಿಯಲ್ಲಿ ಇನ್ನೊಂದು ಪುಸ್ತಕ ಇಟ್ಟು ಓದುತ್ತಿದ್ದಳು. ಎಳೆದು ನೋಡಿದರೆ ‘ಬಾಲ್ಯಕಾಲಸಖಿ’ಯ ಕನ್ನಡ ಅನುವಾದ. ಹೆಸರು ನೋಡಿಯೇ ನಾವು ಪ್ರೇಮದ ಕಥೆ ಎಂದು ತೀರ್ಮಾನ ಮಾಡಿದೆವು. ಒಳಗೆ ಒಂದು ಪುಟವನ್ನೂ ತೆರೆಯಲಿಲ್ಲ. ಎಲ್ಲರ ಎದುರು ಗದರಿಸಿ, ಪುಸ್ತಕವನ್ನು ಕಪಾಟಿಗೆ ಹಾಕಿ, ಅವಳ ಉಪ್ಪನಿಗೆ ಫೋನ್ ಮಾಡಿದೆವು. ಅವಳು ಏನೋ ಹೇಳಲು ಬಾಯಿ ತೆರೆದಿದ್ದಳು. ‘ಮಾತಾಡ್ಬೇಡ, ಕೂತುಕೋ’ ಎಂದೆವು. ಎಸೆಸೆಲ್ಸಿ ಆದ ಮೇಲೆ ಅವಳ ಓದು ನಿಂತಿತು, ಸ್ವಲ್ಪ ಸಮಯದಲ್ಲಿ ಮದುವೆಯೂ ಆಯಿತು. ಆ ಪುಸ್ತಕಕ್ಕೂ ಅದಕ್ಕೂ ಸಂಬಂಧ ಉಂಟೋ ಇಲ್ಲವೋ, ನಾವು ಕೇಳಲಿಲ್ಲ.

ಈಚೆಗೆ ಆಕೆ ತನ್ನ ಮಗಳನ್ನು ಮದ್ರಸಕ್ಕೆ ಸೇರಿಸಲು ಬಂದಳು. ಹೆಸರು ಬರೆಸಿ ಆದ ಮೇಲೆ ಸಲಾಂ ಹೇಳಿ ಹೊರಟವಳು ಬಾಗಿಲಿನಲ್ಲಿ ನಿಂತು ಕೇಳಿದಳು:

‘ಉಸ್ತಾದ್, ಆ ಪುಸ್ತಕ ಇನ್ನೂ ಉಂಟಾ?’

‘ಯಾವ ಪುಸ್ತಕ ಮಗಳೇ?’

‘ಅದು ಶಾಲೆಯ ಲೈಬ್ರರಿದು ಉಸ್ತಾದ್. ಟಿ.ಸಿ. ತೆಗೆಯುವಾಗ ಅದರ ದುಡ್ಡು ಕಟ್ಟಬೇಕಾಯ್ತು. ಅವತ್ತು ಅದನ್ನೇ ಹೇಳ್ಲಿಕ್ಕೆ ಹೊರಟದ್ದು.’

ನಮಗೆ ಉತ್ತರ ಬರಲಿಲ್ಲ. ಹುಡುಕಿದೆವು. ಹಾಜರಿ ಪುಸ್ತಕಗಳ ಹಿಂದೆ ಧೂಳು ಹಿಡಿದು ಕೂತಿತ್ತು. ‘ನಾಳೆ ಕೊಡ್ತೇವೆ’ ಎಂದು ಹೇಳಿ ಆ ರಾತ್ರಿ ಇಶಾ ಆದ ಮೇಲೆ ನಾವೇ ಓದಿದೆವು. ಸಣ್ಣ ಪುಸ್ತಕ, ಸುಬ್ಹಿಗೆ ಮೊದಲೇ ಮುಗಿಯಿತು.

1944ರಲ್ಲಿ ಬಂದ ಕಾದಂಬರಿ. ಶ್ರೀಮಂತನ ಮಗ ಮಜೀದ್ ಲೆಕ್ಕದಲ್ಲಿ ಹಿಂದೆ. ಒಂದಕ್ಕೆ ಒಂದು ಕೂಡಿಸಿದರೆ ಎಷ್ಟು ಎಂದು ಮೇಷ್ಟ್ರು ಕೇಳಿದರೆ, ಎರಡು ಹೊಳೆ ಸೇರಿ ಒಂದು ಹೊಳೆ ಆಗುವುದನ್ನು ನೋಡಿದ ಅವನು, ಸ್ವಲ್ಪ ದೊಡ್ಡದಾದ ಒಂದು ಎನ್ನುತ್ತಾನೆ. ಪೆಟ್ಟು ಬೀಳುತ್ತದೆ. ಅಡಿಕೆ ಮಾರುವ ಬಡವನ ಮಗಳು ಸುಹರಾ ಲೆಕ್ಕದಲ್ಲಿ ಜಾಣೆ. ಮಗಳನ್ನು ಓದಿಸಿ ದೊಡ್ಡ ಆಫೀಸರ್ ಮಾಡಬೇಕೆಂದು ಅವಳ ಉಪ್ಪನಿಗೆ ಆಸೆ. ಅವರು ತೀರಿಕೊಳ್ಳುತ್ತಾರೆ. ಅವಳನ್ನೂ ಶಾಲೆಗೆ ಕಳಿಸಿ ಎಂದು ಮಜೀದ್ ತನ್ನ ಉಪ್ಪನ ಹತ್ತಿರ ಬೇಡುತ್ತಾನೆ, ಅವರು ಒಪ್ಪುವುದಿಲ್ಲ. ಲೆಕ್ಕ ಬಾರದವನು ಪೇಟೆಯ ಶಾಲೆಗೆ ಹೋಗುತ್ತಾನೆ, ಲೆಕ್ಕ ಬರುವವಳು ಮನೆಯಲ್ಲಿ ಉಳಿಯುತ್ತಾಳೆ. ಮಜೀದ್ ಮನೆ ಬಿಟ್ಟು ಹೋಗಿ ವರ್ಷಗಳ ಮೇಲೆ ಬಂದಾಗ ಅವನ ಮನೆಯೂ ಬಡವಾಗಿದೆ, ಸುಹರಾಳನ್ನು ಒಬ್ಬ ಕಟುಕನಿಗೆ ಕೊಟ್ಟು ಅವಳು ಪೆಟ್ಟು ತಿಂದು ಸೊರಗಿದ್ದಾಳೆ. ತಂಗಿಯರ ಮದುವೆಗೆ ಹಣ ಸಂಪಾದಿಸಲು ಅವನು ಮತ್ತೆ ಊರು ಬಿಡುತ್ತಾನೆ. ದೂರದ ಪಟ್ಟಣದಲ್ಲಿ ಅಪಘಾತದಲ್ಲಿ ಕಾಲು ಕಳೆದುಕೊಂಡು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿರುವಾಗ ಸುಹರಾ ತೀರಿಕೊಂಡ ಸುದ್ದಿ ಬರುತ್ತದೆ. ಅವನು ಹೊರಟ ದಿನ ಅವಳು ಏನೋ ಹೇಳಲಿಕ್ಕೆಂದು ಬಾಯಿ ತೆರೆದಿದ್ದಳು. ಬಸ್ಸಿನ ಹಾರ್ನ್ ಕೇಳಿತು, ಅವನು ಹೋದ. ಅವಳು ಹೇಳಬೇಕೆಂದದ್ದು ಏನು? ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಅಲ್ಲಾಹ್ ಕ್ಷಮಿಸಲಿ, ನಾವು ಪ್ರೇಮದ ಕಥೆ ಎಂದುಕೊಂಡದ್ದು ಹೆಣ್ಣುಮಕ್ಕಳ ಓದು ನಿಂತುಹೋಗುವ ಕಥೆ. ಅದನ್ನು ಓದಬೇಕಾಗಿದ್ದದ್ದು ಆ ಹುಡುಗಿಗಿಂತ ಮೊದಲು ನಾವು, ಅವಳ ಉಪ್ಪ, ಜಮಾಅತಿನ ಹಿರಿಯರು. ಸೂರಃ ಯೂಸುಫನ್ನು ಅತ್ಯುತ್ತಮ ಕಥನವೆಂದು ಕುರ್‌ಆನೇ ಹೇಳುವಾಗ, ಮೊದಲು ಇಳಿದ ಆದೇಶವೇ ‘ಇಕ್‌ರಅ್’ ಆಗಿರುವಾಗ, ಕಥೆ ಪುಸ್ತಕ ಕಂಡ ಕೂಡಲೇ ಕಿತ್ತುಕೊಳ್ಳುವ ಅಭ್ಯಾಸ ನಮಗೆ ಎಲ್ಲಿಂದ ಬಂತು? ಆಡು ಪುಸ್ತಕ ತಿಂದದ್ದು ಹಸಿವಿಗೆ. ನಮಗೆ ಆ ನೆಪವೂ ಇರಲಿಲ್ಲ.

ಮರುದಿನ ಪುಸ್ತಕ ಕೊಟ್ಟು ಅವಳ ಹತ್ತಿರ ತಪ್ಪಾಯಿತೆಂದು ಹೇಳಿದೆವು. ಅವಳು ಪುಟ ತಿರುಗಿಸಿ, ಮಡಚಿಟ್ಟ ಮೂಲೆ ಹಾಗೆಯೇ ಇದ್ದದ್ದನ್ನು ನೋಡಿ ನಕ್ಕಳು. ‘ಇಲ್ಲಿವರೆಗೆ ಆಗಿತ್ತು ಉಸ್ತಾದ್’ ಎಂದಳು.

ಈಗ ನಮ್ಮ ಮದ್ರಸದಲ್ಲಿ ಗುರುವಾರ ಮಕ್ಕಳ ಹಾಡು, ಭಾಷಣ ಮುಗಿದ ಮೇಲೆ ಹತ್ತು ನಿಮಿಷ ಕಥೆ ಓದುತ್ತೇವೆ. ಹಾಜರಿ ಪುಸ್ತಕಗಳ ಆ ಕಪಾಟಿನಲ್ಲಿ ಒಂದು ಅರೆ ಖಾಲಿ ಮಾಡಿ ಪುಸ್ತಕ ಇಟ್ಟಿದ್ದೇವೆ, ಸದ್ಯಕ್ಕೆ ಹದಿನಾಲ್ಕು ಇವೆ. ದೊಡ್ಡ ಖರ್ಚಿನ ಕೆಲಸವೇನಲ್ಲ. ಒಂದು ಮದುವೆಯ ಸ್ಟೇಜಿನ ಹೂವಿನ ಹಣದಲ್ಲಿ ಒಂದು ಮದ್ರಸದ ಅರೆ ತುಂಬುತ್ತದೆ. ಜಮಾಅತ್ ಕಮಿಟಿಯವರು, ಊರಿನ ಯುವಕರು, ಗಲ್ಫಿನಲ್ಲಿರುವವರು ಮನಸ್ಸು ಮಾಡಿದರೆ ಇನ್ಶಾಅಲ್ಲಾಹ್ ಎಲ್ಲ ಕಡೆ ಆಗುತ್ತದೆ. ಉಸ್ತಾದರು ಮೊದಲು ಓದಲಿ, ಯಾವ ವಯಸ್ಸಿಗೆ ಯಾವುದು ಎಂದು ನೋಡಿ ಕೊಡಲಿ.

ಕಳೆದ ಗುರುವಾರ ‘ಪಾತುಮ್ಮನ ಆಡು’ ಓದುವಾಗ ಆಡು ಪುಸ್ತಕ ತಿಂದ ಜಾಗ ಬಂತು. ಆಕೆಯ ಮಗಳು, ಒಂದನೇ ಕ್ಲಾಸಿನವಳು, ಎದ್ದು ನಿಂತು ಕೇಳಿದಳು: ‘ಉಸ್ತಾದ್, ಆಡಿಗೆ ಪುಸ್ತಕ ರುಚಿ ಆಯ್ತಾ?’ ಎಲ್ಲರೂ ನಕ್ಕರು. ಈ ಸಲ ‘ಕೂತುಕೋ’ ಎಂದು ನಾವು ಹೇಳಲಿಲ್ಲ.